ಲಾರಿ ಮತ್ತು ಟ್ರೈಲರಿನ ಉದ್ದಕ್ಕೆ ಕಾನೂನಿನ ಅಳತೆ

(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಭಾಷಣದ ಪಾಠ)



ಬೆಳೆ ಬೆಳೆಯುವುದು ಅರ್ಧ ಕೆಲಸ. ಬೆಳೆದುದನ್ನು ಕಾರ್ಖಾನೆಗೋ ಮಂಡಿಗೋ ಮುಟ್ಟಿಸುವುದು ಇನ್ನರ್ಧ ಕೆಲಸ. ಹಿಂದೆ ಎತ್ತಿನ ಗಾಡಿಗಳು ಮಾಡುತ್ತಿದ್ದ ಈ ಕೆಲಸವನ್ನು ಈಗ ಬಹುಮಟ್ಟಿಗೆ ಟ್ರ್ಯಾಕ್ಟರ್ ಟ್ರೈಲರುಗಳೂ ಲಾರಿಗಳೂ ಮಾಡುತ್ತಿವೆ. ಬೀಜ, ಗೊಬ್ಬರ, ಔಷಧಿಗಳ ವಿಷಯದಲ್ಲಿ ರೈತರು ಗ್ರಾಂ, ಮಿಲಿಲೀಟರುಗಳ ಲೆಕ್ಕ ಇಡುತ್ತಾರೆ. ಆದರೆ ಆ ಬೆಳೆಯನ್ನೇ ಹೊತ್ತು ರಸ್ತೆಗಿಳಿಯುವ ವಾಹನ ಎಷ್ಟು ಉದ್ದವಿರಬಹುದು, ಅದಕ್ಕೆ ಆಮೇಲೆ ಸೇರಿಸಿದ ಹಲಗೆ, ಏಣಿ, ಕಂಬಿಗಳು ಆ ಉದ್ದದ ಲೆಕ್ಕಕ್ಕೆ ಸೇರುತ್ತವೆಯೇ ಎಂದು ಕೇಳಿದರೆ ಖಚಿತವಾಗಿ ಹೇಳಬಲ್ಲವರು ವಿರಳ. ಈ ಅಳತೆಗಳು ದಂಡ ವಸೂಲಿಗಾಗಿ ಹುಟ್ಟಿದವಲ್ಲ. ಪ್ರತಿಯೊಂದು ಅಳತೆಯ ಹಿಂದೆಯೂ ಒಂದು ಕಾರಣವಿದೆ. ಕಾರಣ ತಿಳಿದರೆ ಅಳತೆ ಪಾಲಿಸುವುದು ಸುಲಭ.

ರಾತ್ರಿಯ ರಸ್ತೆಯಲ್ಲಿ ಆಗುವುದೇನು?

ಕಬ್ಬಿನ ಕಟಾವಿನ ಕಾಲದ ಒಂದು ರಾತ್ರಿಯನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಹೊಲದಿಂದ ತಡವಾಗಿ ಹೊರಟ ಟ್ರೈಲರು ಕಾರ್ಖಾನೆಯ ದಾರಿಯಲ್ಲಿ ನಿಧಾನವಾಗಿ ಸಾಗುತ್ತಿದೆ. ಕಬ್ಬಿನ ತುದಿಗಳು ಹಿಂದಕ್ಕೆ ನಾಲ್ಕೈದು ಅಡಿ ಚಾಚಿಕೊಂಡಿವೆ. ಟ್ರೈಲರಿನ ಹಿಂದಿನ ಕೆಂಪು ದೀಪ ಇದ್ದರೂ ಜೋತುಬಿದ್ದ ಸೋಗೆ ಅದನ್ನು ಮುಚ್ಚಿದೆ. ಹಿಂದಿನಿಂದ ಮೋಟಾರ್ ಸೈಕಲಿನಲ್ಲಿ ಒಬ್ಬ ತರುಣ ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಬರುತ್ತಿದ್ದಾನೆ. ಈ ವೇಗದಲ್ಲಿ ವಾಹನವು ಒಂದು ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ದೂರ ಕ್ರಮಿಸುತ್ತದೆ. ಕಣ್ಣಿಗೆ ಬಿದ್ದುದು ಮನಸ್ಸಿಗೆ ಹೊಳೆದು ಕಾಲು ಬ್ರೇಕಿನ ಮೇಲೆ ಬೀಳುವುದಕ್ಕೆ ಒಂದರಿಂದ ಒಂದೂವರೆ ಸೆಕೆಂಡು ಬೇಕು. ಅಷ್ಟರಲ್ಲಿಯೇ ಸುಮಾರು 25 ಮೀಟರು ದೂರ ಕಳೆದುಹೋಗಿರುತ್ತದೆ. ಒಣಗಿದ ಕಬ್ಬಿನ ತುದಿ ಬೆಳಕನ್ನು ಹಿಂದಕ್ಕೆ ಕಳಿಸುವುದಿಲ್ಲ. ಎದುರಿನಿಂದ ಬರುವ ವಾಹನದ ದೀಪ ಕಣ್ಣು ಕುಕ್ಕಿದರಂತೂ ಏನೂ ಕಾಣುವುದಿಲ್ಲ. ಅವನು ನೋಡುವುದು ಟ್ರೈಲರಿನ ಮೈಯನ್ನು, ಅದೂ ಕಂಡರೆ. ಅವನಿಗೆ ತಗಲುವುದು ಅದಕ್ಕಿಂತ ನಾಲ್ಕೈದು ಅಡಿ ಮುಂಚೆಯೇ ಇರುವ ತುದಿಗಳು, ಅದೂ ಎದೆ ಮತ್ತು ಮುಖದ ಮಟ್ಟದಲ್ಲಿ.

ಹೀಗೆ ಪೆಟ್ಟು ತಿನ್ನುವವನು ಬಹುಮಟ್ಟಿಗೆ ಅದೇ ಸೀಮೆಯ ರೈತನೋ ರೈತನ ಮಗನೋ ಆಗಿರುತ್ತಾನೆ. ಆದುದರಿಂದ ಉದ್ದದ ಮಿತಿಯ ಮಾತು ಮೊದಲು ಊರಿನ ಮಾತು, ಆಮೇಲೆ ಸಾರಿಗೆ ಇಲಾಖೆಯ ಮಾತು.

ಅಳತೆಯನ್ನು ಗೊತ್ತುಮಾಡುವವರು ಯಾರು?

1939ರ ಮೋಟಾರು ವಾಹನ ಕಾಯಿದೆ ಜಾರಿಯಲ್ಲಿದ್ದಾಗ ವಾಹನದ ಉದ್ದ, ಅಗಲ, ಎತ್ತರ ಮತ್ತು ಚಾಚುಗಳ ಬಗ್ಗೆ ನಿಯಮ ರಚಿಸುವ ಅಧಿಕಾರ ರಾಜ್ಯ ಸರ್ಕಾರಗಳಿಗಿತ್ತು. ಒಂದು ರಾಜ್ಯದ ಅಳತೆ ಇನ್ನೊಂದು ರಾಜ್ಯದ ಅಳತೆಗೆ ಹೊಂದಲೇಬೇಕೆಂಬ ಕಟ್ಟುಪಾಡು ಇರಲಿಲ್ಲ. 1988ರ ಹೊಸ ಕಾಯಿದೆಯು 1989ರ ಜುಲೈ 1ರಿಂದ ಜಾರಿಗೆ ಬಂದಿತು. ಅದರ 110ನೆಯ ಕಲಮಿನ ಪ್ರಕಾರ ಈ ಅಧಿಕಾರ ಕೇಂದ್ರ ಸರ್ಕಾರಕ್ಕೆ ಸೇರಿತು. ಅದೇ ವರ್ಷ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ 93ನೆಯ ನಿಯಮವು ಇಡೀ ದೇಶಕ್ಕೆ ಒಂದೇ ಅಳತೆಗೋಲನ್ನು ಕೊಟ್ಟಿತು. ಬೆಳಗಾವಿಯಿಂದ ಸಾಂಗಲಿಗೆ ಅಥವಾ ಕೋಲಾರದಿಂದ ಚೆನ್ನೈಗೆ ಮಾಲು ಒಯ್ಯುವ ಲಾರಿಗೆ ಗಡಿ ದಾಟಿದೊಡನೆ ಅಳತೆ ಬದಲಾಗುವ ತೊಂದರೆ ಇದರಿಂದ ತಪ್ಪಿತು.

ಅಮೆರಿಕಾ ದೇಶದಲ್ಲಿ ಪದ್ಧತಿ ಬೇರೆ. ಅಲ್ಲಿ 1982ರಲ್ಲಿ ಬಂದ ಕೇಂದ್ರ ಕಾನೂನು ದೊಡ್ಡ ಹೆದ್ದಾರಿಗಳಲ್ಲಿ ಓಡುವ ಸೆಮಿ-ಟ್ರೈಲರುಗಳ ಉದ್ದದ ಬಗ್ಗೆ ರಾಜ್ಯಗಳ ಕೈ ಕಟ್ಟಿತು. ಆದರೆ ಒಂದೇ ಚಾಸಿಯ ಮೇಲೆ ಕಟ್ಟಿದ ಸಾಮಾನ್ಯ ಲಾರಿಯ ಉದ್ದವನ್ನು ಆಯಾ ರಾಜ್ಯಗಳಿಗೇ ಬಿಟ್ಟಿತು. ಹಾಗಾಗಿ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಅಂಥ ಲಾರಿಗೆ 40 ಅಡಿ, ಟೆಕ್ಸಾಸ್ ರಾಜ್ಯದಲ್ಲಿ 45 ಅಡಿ. ಧಾನ್ಯ ಸಾಗಿಸುವ ಅಲ್ಲಿಯ ರೈತ ಹೊಸ ಬಾಡಿ ಕಟ್ಟಿಸುವ ಮೊದಲು ತಾನು ಯಾವ ಯಾವ ರಾಜ್ಯ ದಾಟಬೇಕೆಂದು ನೋಡಿಕೊಳ್ಳಬೇಕಾಗುತ್ತದೆ. ಭಾರತದ ರೈತನಿಗೆ ಆ ಕಷ್ಟವಿಲ್ಲ. ಒಂದು ಅಳತೆಯನ್ನು ಕಲಿತರೆ ಎಲ್ಲ ಕಡೆಗೂ ಸಾಕು.

ಎಷ್ಟು ಉದ್ದ, ಎಷ್ಟು ಅಗಲ?

ಒಂದೇ ಚಾಸಿಯ ಮೇಲೆ ಕಟ್ಟಿದ ಸರಕು ಲಾರಿಯ ಒಟ್ಟು ಉದ್ದ 12 ಮೀಟರನ್ನು, ಅಂದರೆ 39 ಅಡಿ 4 ಅಂಗುಲವನ್ನು ಮೀರಬಾರದು. ಅಗಲ 2.6 ಮೀಟರು, ಅಂದರೆ ಸುಮಾರು ಎಂಟೂವರೆ ಅಡಿ. ಟ್ರ್ಯಾಕ್ಟರಿಗೆ ಟ್ರೈಲರು ಕಟ್ಟಿದಾಗ ಎರಡೂ ಸೇರಿದ ಉದ್ದಕ್ಕೆ 1989ರ ನಿಯಮಗಳು 18 ಮೀಟರಿನ ಮಿತಿ ಇಟ್ಟವು. 2020ರ ಜೂನ್ ತಿಂಗಳಿನಲ್ಲಿ 93ನೆಯ ನಿಯಮಕ್ಕೆ ತಿದ್ದುಪಡಿಯಾಗಿ, ವಾಹನಗಳ ವರ್ಗಗಳಿಗೆ ಅನುಸಾರವಾಗಿ ಅಳತೆಗಳನ್ನು ಹೊಸದಾಗಿ ಬರೆಯಲಾಯಿತು. ಆಗಲೂ ಒಂದೇ ಚಾಸಿಯ ಸರಕು ಲಾರಿಯ 12 ಮೀಟರಿನ ಮಿತಿ ಹಾಗೆಯೇ ಉಳಿಯಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸುವುದು ಅವಶ್ಯಕ. 2018ರ ಜುಲೈನಲ್ಲಿ ಲಾರಿಗಳು ಹೊರಬಹುದಾದ ತೂಕದ ಮಿತಿಯನ್ನು ಕೇಂದ್ರ ಸರ್ಕಾರ ಹೆಚ್ಚಿಸಿತು. ನಾಲ್ಕು ಟೈರುಗಳ ಒಂದು ಅಚ್ಚಿಗೆ 10.2 ಟನ್ನು ಇದ್ದುದು 11.5 ಟನ್ನು ಆಯಿತು. ಇದರಿಂದ ಉದ್ದವನ್ನೂ ಹೆಚ್ಚಿಸಿಕೊಳ್ಳಬಹುದೆಂದು ಕೆಲವರು ತಿಳಿದರು. ಅದು ಸರಿಯಲ್ಲ. ತೂಕದ ನಿಯಮ ಬೇರೆ, ಉದ್ದದ ನಿಯಮ ಬೇರೆ. ಕಬ್ಬಿಣದ ಸರಳಿನಂಥ ಸಾಮಾನು ಜಾಗ ತುಂಬುವ ಮೊದಲೇ ತೂಕದ ಮಿತಿ ಮುಟ್ಟುತ್ತದೆ. ಭತ್ತದ ಹುಲ್ಲಿನಂಥ ಸಾಮಾನು ತೂಕ ತುಂಬುವ ಮೊದಲೇ ಅಳತೆಯ ಮಿತಿ ಮುಟ್ಟುತ್ತದೆ. ಯಾವುದು ಮೊದಲು ಮುಟ್ಟುತ್ತದೆಯೋ ಅಲ್ಲಿಗೆ ಹೊರೆ ನಿಲ್ಲಬೇಕು.

ಸೇರಿಸಿದ ಸಾಮಾನು ಲೆಕ್ಕಕ್ಕೆ ಬರುತ್ತದೆಯೇ?

ಹೆಚ್ಚಿನ ಗೊಂದಲವಿರುವುದು ಇಲ್ಲಿಯೇ. ನಿಯಮದ ಪ್ರಕಾರ ಒಟ್ಟು ಉದ್ದವೆಂದರೆ ಚಾಸಿಯ ಉದ್ದವಲ್ಲ, ಬಾಡಿಯ ಹಲಗೆಯ ಉದ್ದವೂ ಅಲ್ಲ. ವಾಹನದ ಮುಂದಿನ ಕೊನೆಯ ಚಾಚಿನಿಂದ ಹಿಂದಿನ ಕೊನೆಯ ಚಾಚಿನವರೆಗಿನ ಅಂತರ. ಮುಂದೊಂದು ಗೋಡೆ, ಹಿಂದೊಂದು ಗೋಡೆ ಎಬ್ಬಿಸಿ ವಾಹನವನ್ನು ನಡುವೆ ನಿಲ್ಲಿಸಿದರೆ ಎರಡು ಗೋಡೆಗಳ ನಡುವೆ ಎಷ್ಟು ಜಾಗ ಬೇಕೋ ಅಷ್ಟೇ ಅದರ ಉದ್ದ.

ಆದರೆ ಕೆಲವು ಸಾಮಾನುಗಳನ್ನು ಈ ಲೆಕ್ಕದಿಂದ ಬಿಡಬೇಕೆಂದು 1989ರ ನಿಯಮದ ವಿವರಣೆಯೇ ಹೇಳಿತು. ಅವುಗಳಲ್ಲಿ ಮುಖ್ಯವಾದವು ಇವು: ಲಾರಿಯ ಮೇಲೆ ಹತ್ತಿ ಮಾಲು ಏರಿಸಲು ಇಳಿಸಲು ಇಟ್ಟ ಏಣಿ, ಹಿಂದಿನ ದೀಪ, ಸೂಚಕ ದೀಪ ಮತ್ತು ನಂಬರ್ ಪ್ಲೇಟು, ಸ್ಟೆಪ್ನಿ ಗಾಲಿ ಮತ್ತು ಅದನ್ನು ಹಿಡಿದ ಚೌಕಟ್ಟು, ಬಂಪರು, ಇವುಗಳಿಗಿಂತ ಹೊರಗೆ ಚಾಚದ ಎಳೆಯುವ ಕೊಕ್ಕೆ. ಹಳೆಯ ಕಾಲದ ವಾಹನಗಳ ಕೈಹಿಡಿ, ಅಂಚೆ ಇಲಾಖೆಯ ವಾಹನಕ್ಕೆ ಹಚ್ಚಿದ 30 ಸೆಂಟಿಮೀಟರಿನೊಳಗಿನ ಟಪಾಲು ಪೆಟ್ಟಿಗೆ, ಬೆಂಕಿ ಆರಿಸುವ ವಾಹನದ ಏಣಿ ಮುಂತಾದವು ಸಹ ಆ ಪಟ್ಟಿಯಲ್ಲಿದ್ದವು.

ಈ ಪಟ್ಟಿಯನ್ನು ಗಮನವಿಟ್ಟು ನೋಡಿದರೆ ಅದರ ಹಿಂದಿನ ತತ್ವ ತಿಳಿಯುತ್ತದೆ. ಬಿಟ್ಟಿರುವ ಸಾಮಾನುಗಳಲ್ಲಿ ಒಂದಾದರೂ ಸರಕು ಹೊರುವುದಿಲ್ಲ. ಅವು ಬೆಳಕು ಕೊಡುತ್ತವೆ, ಗುರುತು ತೋರುತ್ತವೆ, ಹತ್ತಿ ಇಳಿಯಲು ನೆರವಾಗುತ್ತವೆ. ಸರಕು ಹೊರುವ ಯಾವ ಭಾಗಕ್ಕೂ ರಿಯಾಯಿತಿ ಇಲ್ಲ. ಅಮೆರಿಕಾದ ಕೇಂದ್ರ ನಿಯಮಗಳೂ ಇದೇ ತತ್ವವನ್ನು ಅನುಸರಿಸುತ್ತವೆ. ಸರಕು ಹೊರದ, ಸುರಕ್ಷತೆಗೋ ಅನುಕೂಲಕ್ಕೋ ಬೇಕಾದ ಸಾಧನಗಳನ್ನು ಅಳತೆಯಿಂದ ಬಿಡುವ ಪದ್ಧತಿ ಅಲ್ಲಿಯೂ ಇದೆ.

ಆದುದರಿಂದ ಹಿಂದಿನ ಬಾಗಿಲನ್ನು ಅಡ್ಡ ಮಲಗಿಸಿ, ಸರಪಳಿ ಕಟ್ಟಿ, ಅದರ ಮೇಲೆ ಮೂಟೆ ಜೋಡಿಸಿದರೆ ಆ ಬಾಗಿಲು ಬಾಗಿಲಾಗಿ ಉಳಿಯುವುದಿಲ್ಲ, ಬಾಡಿಯ ಭಾಗವಾಗುತ್ತದೆ. ಕಬ್ಬಿಗೆಂದು ಟ್ರೈಲರಿನ ಹಿಂದೆ ಬೆಸುಗೆ ಹಾಕಿಸಿದ ಕಬ್ಬಿಣದ ಕಂಬಿಗಳ ಚೌಕಟ್ಟಿನ ಮಾತೂ ಇದೇ.

ವಾಹನದ ರೂಪವನ್ನೇ ಬದಲಿಸುವ ಬಗ್ಗೆ ಕಾಯಿದೆ ಇನ್ನೂ ಬಿಗಿಯಾಗಿದೆ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 52ನೆಯ ಕಲಮು ಹೇಳುತ್ತದೆ. 2019ರ ತಿದ್ದುಪಡಿಯಿಂದ ಬಂದ 182ಎ ಕಲಮಿನ ಪ್ರಕಾರ, ಅನುಮತಿ ಇಲ್ಲದೆ ಹೊಸ ಭಾಗ ಕೂಡಿಸಿ ವಾಹನವನ್ನು ಮಾರ್ಪಡಿಸುವ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ಒಂದೊಂದು ಮಾರ್ಪಾಡಿಗೂ ರೂ. 5,000 ದಂಡ, ಇಲ್ಲವೆ ಎರಡೂ ವಿಧಿಸಬಹುದು. ಜೀಪು ಕಾರುಗಳ ಮುಂದೆ ಹಾಕಿಸುವ ಕಬ್ಬಿಣದ ದಪ್ಪ ಕಂಬಿಗಳು ಈ 52ನೆಯ ಕಲಮಿಗೆ ವಿರುದ್ಧವೆಂದು 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಎಲ್ಲ ರಾಜ್ಯಗಳಿಗೂ ತಿಳಿಸಿತು. ಊರಿನ ಬೆಸುಗೆ ಅಂಗಡಿಯಲ್ಲಿ ಅರ್ಧ ದಿನದಲ್ಲಿ ಆಗುವ ಕೆಲಸಕ್ಕೆ ಇಷ್ಟು ತೂಕವಿದೆ ಎಂಬುದನ್ನು ಮರೆಯಬಾರದು.

ಹಿಂಚಾಚು: ಎತ್ತಿನ ಗಾಡಿ ಕಲಿಸುವ ಪಾಠ

ಒಟ್ಟು ಉದ್ದ ಸರಿಯಿದ್ದರೂ ಸಾಲದು. ಹಿಂದಿನ ಅಚ್ಚಿನಿಂದ ಆಚೆಗೆ ವಾಹನ ಎಷ್ಟು ಚಾಚಬಹುದೆಂಬುದಕ್ಕೂ ಮಿತಿ ಇದೆ. ಇದನ್ನು ಹಿಂಚಾಚು ಎನ್ನಬಹುದು. ಹಿಂದೆ ಒಂದೇ ಅಚ್ಚಿರುವ ಲಾರಿಯಲ್ಲಿ ಇದು ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಣ ಅಂತರದ ನೂರಕ್ಕೆ 60 ಭಾಗವನ್ನು ಮೀರಬಾರದು. ಉದಾಹರಣೆಗೆ ಗಾಲಿಗಳ ನಡುವೆ 4.2 ಮೀಟರು ಇದ್ದರೆ ಹಿಂಚಾಚು 2.52 ಮೀಟರಿನೊಳಗೆ ಇರಬೇಕು. ಟ್ರ್ಯಾಕ್ಟರಿನ ಹಿಂಚಾಚಿಗೆ 1.85 ಮೀಟರಿನ ಮಿತಿ ಇದೆ.

ಇದರ ಕಾರಣವನ್ನು ಎತ್ತಿನ ಗಾಡಿ ಹೊಡೆದವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಗಾಡಿಯಲ್ಲಿ ಹೊರೆ ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತುಗಳ ಕೊರಳನ್ನು ಹಿಡಿದೆತ್ತುತ್ತದೆ. ಲಾರಿಯಲ್ಲೂ ಆಗುವುದು ಇದೇ. ಗಾಲಿಗಳ ನಡುವೆ 4 ಮೀಟರು ಅಂತರವಿರುವ ಲಾರಿಯಲ್ಲಿ, ಹಿಂದಿನ ಅಚ್ಚಿನಿಂದ 2 ಮೀಟರು ಹಿಂದೆ ಒಂದು ಟನ್ನು ಭಾರ ಇಟ್ಟರೆ, ಹಿಂದಿನ ಅಚ್ಚಿನ ಮೇಲೆ ಬೀಳುವುದು ಒಂದು ಟನ್ನಲ್ಲ, ಒಂದೂವರೆ ಟನ್ನು. ಆ ಹೆಚ್ಚಿನ ಅರ್ಧ ಟನ್ನು ಮುಂದಿನ ಅಚ್ಚಿನಿಂದ ಎತ್ತಿಕೊಂಡು ಬಂದ ಭಾರ. ಮುಂದಿನ ಗಾಲಿ ಹಗುರವಾದಷ್ಟೂ ಸ್ಟೀರಿಂಗಿನ ಹಿಡಿತ ಕಡಿಮೆಯಾಗುತ್ತದೆ. ಎರಡು ಗಾಲಿಯ ಟ್ರೈಲರಿನಲ್ಲಂತೂ ಹಿಂಬದಿಯ ಹೊರೆ ಕೊಂಡಿಯನ್ನು ಮೇಲೆತ್ತಿ ಟ್ರ್ಯಾಕ್ಟರಿನ ದೊಡ್ಡ ಗಾಲಿಗಳ ಹಿಡಿತವನ್ನೇ ತಪ್ಪಿಸುತ್ತದೆ. ಇಳಿಜಾರಿನಲ್ಲಿ ಬ್ರೇಕು ಹಾಕಿದಾಗ ಇದರ ಫಲ ಗೊತ್ತಾಗುತ್ತದೆ.

ಎರಡನೆಯ ಕಾರಣ ತಿರುವಿನಲ್ಲಿದೆ. ವಾಹನ ಬಲಕ್ಕೆ ತಿರುಗಿದಾಗ ಹಿಂದಿನ ಅಚ್ಚಿನಿಂದ ಆಚೆಗಿರುವ ಬಾಲ ಎಡಕ್ಕೆ ಬೀಸುತ್ತದೆ. ಬಾಡಿಯ ಹೊರ ಅಂಚು ಸುಮಾರು 9 ಮೀಟರು ತ್ರಿಜ್ಯದಲ್ಲಿ ತಿರುಗುತ್ತದೆ ಎಂದಿಟ್ಟುಕೊಂಡರೆ, ಎರಡೂವರೆ ಮೀಟರು ಹಿಂಚಾಚಿನ ಬಾಲ ಹೊರಕ್ಕೆ ಬೀಸುವುದು ಸುಮಾರು 34 ಸೆಂಟಿಮೀಟರು. ಹೊರೆಯು ಇನ್ನೂ ಒಂದು ಮೀಟರು ಹಿಂದಕ್ಕೆ ಚಾಚಿದ್ದರೆ ಬೀಸು ಸುಮಾರು 66 ಸೆಂಟಿಮೀಟರು ಆಗುತ್ತದೆ. ಅಂದರೆ ಚಾಚು ಒಂದು ಮೀಟರು ಹೆಚ್ಚಿದರೆ ಬೀಸು ಹೆಚ್ಚು ಕಡಿಮೆ ಇಮ್ಮಡಿಯಾಗುತ್ತದೆ. ಸಂತೆಯ ಬೀದಿಯಲ್ಲಿ, ಕೆರೆ ಏರಿಯ ಮೇಲೆ, ಶಾಲೆಯ ಮುಂದಿನ ಕೂಡುರಸ್ತೆಯಲ್ಲಿ ಎಡಬದಿಗೆ ಸೈಕಲ್ ಹಿಡಿದು ನಿಂತ ಹುಡುಗನಿಗೆ ಈ 66 ಸೆಂಟಿಮೀಟರು ಬಹಳ ದೊಡ್ಡದು. ಚಾಲಕ ಬಲಕ್ಕೆ ನೋಡುತ್ತಿರುತ್ತಾನೆ. ಎಡಕ್ಕೆ ಬೀಸುವ ತುದಿ ಅವನ ಕನ್ನಡಿಯಲ್ಲಿ ಕಾಣುವುದಿಲ್ಲ.

ಹೊರೆಯ ಚಾಚು: ಒಂದು ಮೀಟರಿನ ರಿಯಾಯಿತಿ ಈಗಿಲ್ಲ

ಕಂಬ, ಬೊಂಬು, ಸರಳುಗಳಂಥ ಉದ್ದನೆಯ ಸಾಮಾನು ಹೇರಿದಾಗ ಅದು ಹಿಂದಕ್ಕೆ ಒಂದು ಮೀಟರಿನವರೆಗೆ ಚಾಚಬಹುದೆಂದು ಹಿಂದಿನ ನಿಯಮದಲ್ಲಿ ರಿಯಾಯಿತಿ ಇತ್ತು. ತುದಿಗೆ ಎದ್ದು ಕಾಣುವ ಬಿಳಿ ಗುಂಡು ಫಲಕವನ್ನು, ರಾತ್ರಿಯಲ್ಲಿ ದೀಪವನ್ನು ಕಟ್ಟಬೇಕೆಂಬ ಷರತ್ತೂ ಇತ್ತು. ಹಳೆಯ ಚಾಲಕರು ಈಗಲೂ ಇದನ್ನೇ ನೆನಪಿನಲ್ಲಿಟ್ಟುಕೊಂಡು ತುದಿಗೆ ಒಂದು ಕೆಂಪು ಬಟ್ಟೆ ಕಟ್ಟಿ ಸಮಾಧಾನಪಡುತ್ತಾರೆ. ಚಾಚಿಕೊಂಡ ಸರಳುಗಳಿಂದ ಆಗುತ್ತಿದ್ದ ಸಾವುಗಳ ಕಾರಣ 2014ರಲ್ಲಿ ಈ ರಿಯಾಯಿತಿಯನ್ನು ತೆಗೆದುಹಾಕಲಾಯಿತು. ಆದುದರಿಂದ ಕೆಂಪು ಬಟ್ಟೆ ಕಟ್ಟಿದ ಮಾತ್ರಕ್ಕೆ ಚಾಚು ಕಾನೂನುಬದ್ಧವಾಗುವುದಿಲ್ಲ. ಹೊರೆಯು ಪಕ್ಕಕ್ಕೆ ಬಾಡಿಯ ಅಂಚನ್ನೂ ಮುಂದಕ್ಕೆ ಬಾಡಿಯ ಮುಂಗಡೆಯನ್ನೂ ಹಿಂದಕ್ಕೆ ವಾಹನದ ಕೊನೆಯನ್ನೂ ಮೀರಬಾರದು.

2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ 194ನೆಯ ಕಲಮಿಗೆ ಒಂದು ಹೊಸ ಉಪಕಲಮು ಸೇರಿತು. ಹೊರೆಯು ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ ಅಥವಾ ಎತ್ತರಕ್ಕೆ ಮಿತಿ ಮೀರಿ ಚಾಚಿದ್ದರೆ ಅದರಂತೆ ರೂ. 20,000 ದಂಡ. ಹೆಚ್ಚಿನ ಹೊರೆಯನ್ನು ಇಳಿಸುವ ಖರ್ಚು ಬೇರೆ. ಹೊರೆ ಸರಿಪಡಿಸುವವರೆಗೆ ವಾಹನವನ್ನು ಮುಂದೆ ಬಿಡುವಂತಿಲ್ಲ. ಈ ಮಾತು ಓಡಿಸಿದವನಿಗೆ ಮಾತ್ರವಲ್ಲ, ಓಡಿಸಲು ಹಚ್ಚಿದವನಿಗೂ ಬಿಟ್ಟುಕೊಟ್ಟವನಿಗೂ ಅನ್ವಯಿಸುತ್ತದೆ. ಟ್ರೈಲರಿನ ಮಾಲೀಕ ಮನೆಯಲ್ಲಿ ಮಲಗಿದ್ದರೂ ಜವಾಬ್ದಾರಿ ತಪ್ಪುವುದಿಲ್ಲ. ಬಿಡಿಸಿ ಸಾಗಿಸಲಾಗದ ದೊಡ್ಡ ಸಾಮಾನಿದ್ದರೆ ಮೊದಲೇ ಸಕ್ಷಮ ಅಧಿಕಾರಿಯಿಂದ ವಿನಾಯಿತಿ ಪಡೆಯುವ ದಾರಿಯನ್ನು ಕಾಯಿದೆಯೇ ಇಟ್ಟಿದೆ. ಅಪಘಾತವಾದರಂತೂ ಹೊರೆ ಹೇಗಿತ್ತು ಎಂಬ ಪ್ರಶ್ನೆ ಪರಿಹಾರದ ವಿಚಾರಣೆಯಲ್ಲಿ ಮೊದಲು ಏಳುತ್ತದೆ.

ಕಬ್ಬಿನ ಸಾಗಣೆಯಲ್ಲಿ ತೊಡಕು ಎಲ್ಲಿದೆ?

ಕಬ್ಬು ಹೊರಚಾಚುವುದು ಕೇವಲ ಅಜಾಗ್ರತೆಯಿಂದಲ್ಲ. ಕಟಾವಾದ ಕಬ್ಬು ಗಂಟೆಗಂಟೆಗೂ ತೂಕವನ್ನೂ ಸಕ್ಕರೆಯನ್ನೂ ಕಳೆದುಕೊಳ್ಳುತ್ತದೆ. 24 ಗಂಟೆಯೊಳಗೆ ಅರೆಯುವುದು ಉತ್ತಮ. ಕಡಿಯುವವರ ಕೂಲಿ ಟನ್ನಿನ ಲೆಕ್ಕದಲ್ಲಿ, ಸಾಗಣೆಯ ಬಾಡಿಗೆಯೂ ಟನ್ನಿನ ಲೆಕ್ಕದಲ್ಲಿ. ಕಾರ್ಖಾನೆಯ ಮುಂದೆ ಸಾಲು ಬೆಳೆದರೆ ದಿನಕ್ಕೆ ಒಂದು ಸುತ್ತು ಹೋಗಿ ಬರುವುದೂ ಕಷ್ಟ. ಹೀಗಿರುವಾಗ ಒಂದೇ ಸುತ್ತಿಗೆ ಆದಷ್ಟು ಹೇರಬೇಕೆಂಬ ಆಸೆ ಎಲ್ಲರಿಗೂ ಸಹಜ. ಈ ಒತ್ತಡದ ಭಾರವನ್ನು ಕೊನೆಗೆ ಹೊರುವವನು ರಸ್ತೆಯಲ್ಲಿ ಹಿಂದಿನಿಂದ ಬರುವವನು.

ಆದರೆ ಚಾಚನ್ನು ತಪ್ಪಿಸುವುದರಿಂದ ಟನ್ನು ಬಹಳ ಕಡಿಮೆಯಾಗುವುದಿಲ್ಲ. ಹೊರಗೆ ಕಾಣುವ ಚಾಚಿನಲ್ಲಿ ದೊಡ್ಡ ಪಾಲು ಸೋಗೆ ಮತ್ತು ಎಳೆಯ ತುದಿ. ಇವುಗಳಲ್ಲಿ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ, ಕಾರ್ಖಾನೆಗೂ ಇವು ಬೇಡ. ತುದಿಯನ್ನು ಹೊಲದಲ್ಲೇ ಸರಿಯಾಗಿ ಸವರಿ ತೆಗೆದರೆ ದನಕ್ಕೆ ಮೇವಾಗುತ್ತದೆ, ಹೊರೆಯೂ ಚಿಕ್ಕದಾಗುತ್ತದೆ. ಅಡ್ಡಲಾಗಿ ಹೇರಿದ ಕಬ್ಬು ಎರಡು ಪಕ್ಕಕ್ಕೂ ಚಾಚುತ್ತದೆ. ಆದುದರಿಂದ ಟ್ರೈಲರಿನ ಉದ್ದಕ್ಕೆ ಅನುಗುಣವಾಗಿ ಹೇರುವುದು ಮೇಲು. ಬುಡದ ಕಡೆಯನ್ನು ಒಂದು ಸಾಲಿನಲ್ಲಿ ಮುಂದಕ್ಕೆ, ಮುಂದಿನ ಸಾಲಿನಲ್ಲಿ ಹಿಂದಕ್ಕೆ ಮಾಡಿದರೆ ಹೊರೆ ಸಮವಾಗಿ ಕೂರುತ್ತದೆ. ಬಹಳ ಉದ್ದವಾಗಿ ಬೆಳೆದ ಕಬ್ಬನ್ನು ಎರಡು ತುಂಡು ಮಾಡಬೇಕು. ಹೊರೆಯನ್ನು ಸರಪಳಿಯಿಂದ ಬಿಗಿದ ಮೇಲೆ ಹೊರಗುಳಿದ ತುದಿಗಳನ್ನು ಕುಡುಗೋಲಿನಿಂದ ಸವರಿ ಬಾಡಿಯ ಅಂಚಿಗೆ ಸಮ ಮಾಡಬೇಕು. ಇಷ್ಟಕ್ಕೆ ಬೇಕಾದ ಸಮಯ ಹೆಚ್ಚೆಂದರೆ ಕಾಲು ಗಂಟೆ.

ಎರಡು ಟ್ರೈಲರುಗಳನ್ನು ಒಂದರ ಹಿಂದೊಂದು ಕಟ್ಟುವ ವಾಡಿಕೆ ಇರುವ ಕಡೆ ಇನ್ನೊಂದು ಅಪಾಯವಿದೆ. ತಿರುವಿನಲ್ಲಿ ಹಿಂದಿನ ಟ್ರೈಲರು ಮುಂದಿನದರ ಜಾಡಿನಲ್ಲಿ ಬರುವುದಿಲ್ಲ, ಒಳಬದಿಗೆ ಕತ್ತರಿಸಿಕೊಂಡು ಬರುತ್ತದೆ. ಹಗುರವಾಗಿದ್ದರೆ ಅತ್ತಿತ್ತ ಓಲಾಡುತ್ತದೆ. ಸಾರಿಗೆ ಕಚೇರಿಯಲ್ಲಿ ವಿಚಾರಿಸದೆ ಈ ರೀತಿ ಕಟ್ಟಲೇಬಾರದು.

ಇತರ ಹೊರೆಗಳು

ಹುಲ್ಲಿನ ಹೊರೆಯಲ್ಲಿ ಉದ್ದಕ್ಕಿಂತ ಅಗಲ ಮತ್ತು ಎತ್ತರದ ತೊಂದರೆ ಹೆಚ್ಚು. 1989ರ ನಿಯಮ ಇಟ್ಟ 3.8 ಮೀಟರು, ಅಂದರೆ ನೆಲದಿಂದ ಸುಮಾರು ಹನ್ನೆರಡೂವರೆ ಅಡಿ ಎತ್ತರವನ್ನು ಹುಲ್ಲಿನ ಗಾಡಿಗೆ ಮೇಲ್ಮಿತಿಯಾಗಿ ಇಟ್ಟುಕೊಳ್ಳುವುದು ಕ್ಷೇಮ. ಜೋತುಬಿದ್ದ ವಿದ್ಯುತ್ ತಂತಿ ತಗಲಿ ಇಡೀ ಬಣವೆ ಲಾರಿಯ ಮೇಲೆಯೇ ಸುಟ್ಟುಹೋಗುವುದನ್ನು ಎಲ್ಲರೂ ಕೇಳಿಬಲ್ಲರು. ಮಲೆನಾಡಿನಲ್ಲಿ ಅಡಿಕೆ ಮರದ ಕಂಬ, ಬಿದಿರುಗಳನ್ನು ಬಾಡಿಯ ಉದ್ದಕ್ಕೆ ಕೊಯ್ದೇ ಹೇರಬೇಕು. ಘಾಟಿಯ ತಿರುವುಗಳಲ್ಲಿ ಚಾಚಿನ ಅಪಾಯ ಹೇಳತೀರದು. ಭತ್ತದ ಕೊಯ್ಲು ಯಂತ್ರಗಳ ಮುಂದಿನ ಕೊಯ್ಲು ಭಾಗ 14 ಅಡಿಯವರೆಗೂ ಅಗಲವಿರುತ್ತದೆ. ರಸ್ತೆಗಿಳಿಯುವ ಮೊದಲು ಅದನ್ನು ಬಿಚ್ಚಿ ಉದ್ದಕ್ಕೆ ಇಟ್ಟು ಸಾಗಿಸಬೇಕು.

ಮನೆಯ ಮುಂದೆಯೇ ಅಳೆಯುವ ಕ್ರಮ

ಇದಕ್ಕೆ ಬೇಕಾದುದು 20 ಮೀಟರಿನ ಒಂದು ಟೇಪು, ಗಾರೆಯವರ ತೂಗುಗುಂಡು, ಒಂದು ಸುಣ್ಣದ ಕಡ್ಡಿ, ಇಬ್ಬರು ಮನುಷ್ಯರು.

1. ವಾಹನವನ್ನು ಸಮತಟ್ಟಾದ ಕಣದಲ್ಲಿ ನೆಟ್ಟಗೆ ನಿಲ್ಲಿಸಬೇಕು.

2. ಮುಂದಿನ ಕೊನೆಯ ಚಾಚಿನಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಬೇಕು. ಹಿಂದಿನ ಕೊನೆಯ ಚಾಚಿನಲ್ಲೂ ಹಾಗೆಯೇ ಮಾಡಬೇಕು. ಎರಡು ಗುರುತುಗಳ ನಡುವಣ ಅಂತರವೇ ಒಟ್ಟು ಉದ್ದ.

3. ಹಿಂದಿನ ಗಾಲಿಯ ಗುಂಬದ ನಡುವಿನಿಂದ ಇನ್ನೊಂದು ಗುರುತು ಹಾಕಬೇಕು. ಅಲ್ಲಿಂದ ಹಿಂದಿನ ಗುರುತಿನವರೆಗೆ ಹಿಂಚಾಚು. ಗಾಲಿಗಳ ನಡುವಣ ಅಂತರವನ್ನು 60ರಿಂದ ಗುಣಿಸಿ 100ರಿಂದ ಭಾಗಿಸಿ ಹೋಲಿಸಿ ನೋಡಬೇಕು.

4. ನೋಂದಣಿ ಪತ್ರದಲ್ಲಿರುವ ವಿವರಗಳೊಂದಿಗೆ ಈ ಅಳತೆಗಳನ್ನು ತಾಳೆ ನೋಡಬೇಕು. ಹಿಂದಿನ ಮಾಲೀಕ ಏನನ್ನಾದರೂ ಸೇರಿಸಿದ್ದರೆ ಆಗ ಗೊತ್ತಾಗುತ್ತದೆ. ಹಳೆಯ ವಾಹನ ಕೊಳ್ಳುವವರು ಮುಂಗಡ ಕೊಡುವ ಮೊದಲೇ ಇದನ್ನು ಮಾಡಬೇಕು.

5. ಹೊರೆ ಹೇರಿದ ಮೇಲೆ ಇನ್ನೊಮ್ಮೆ ಹಿಂದೆ ಮತ್ತು ಎರಡು ಪಕ್ಕಗಳಲ್ಲಿ ತೂಗುಗುಂಡು ಬಿಟ್ಟು ನೋಡಬೇಕು. ದಾರ ಬಾಡಿಯನ್ನು ಬಿಟ್ಟು ದೂರ ನಿಂತರೆ ಹೊರೆ ಚಾಚಿದೆ ಎಂದರ್ಥ.

6. ಮುಂದೆ ಬಿಳಿ, ಹಿಂದೆ ಕೆಂಪು, ಪಕ್ಕಗಳಲ್ಲಿ ಹಳದಿ ಹೊಳೆಯುವ ಪಟ್ಟಿಗಳು ಅಂಟಿಸಿರಬೇಕು. ಅವು ಕೆಸರು, ಸೋಗೆಗಳಿಂದ ಮುಚ್ಚಿರಬಾರದು. ಹೊರಡುವ ಮೊದಲು 50 ಹೆಜ್ಜೆ ಹಿಂದೆ ನಿಂತು ಟಾರ್ಚು ಬಿಟ್ಟು ನೋಡಿದರೆ ಪಟ್ಟಿ ಕಾಣುತ್ತದೆಯೋ ಇಲ್ಲವೋ ತಿಳಿಯುತ್ತದೆ.

ಕಾರ್ಯಕರ್ತರು ಮಾಡಬಹುದಾದುದು

ಮಣ್ಣು ಪರೀಕ್ಷೆಯ ಶಿಬಿರ ನಡೆಸುವಂತೆಯೇ ಕಟಾವು ಆರಂಭವಾಗುವ ಮೊದಲು ಒಂದು ದಿನ ವಾಹನ ಅಳತೆಯ ಶಿಬಿರ ನಡೆಸಬಹುದು. ಊರಿನ ಎಲ್ಲ ಟ್ರೈಲರುಗಳನ್ನು ಒಂದು ಕಣಕ್ಕೆ ತರಿಸಿ, ಅಳೆದು, ಬಾಡಿಯ ಒಳಗೋಡೆಯ ಮೇಲೆ ಅಳತೆಯನ್ನು ಬಣ್ಣದಿಂದ ಬರೆದರೆ ಹೇರುವ ಕೂಲಿಯವರಿಗೂ ಅದು ಕಣ್ಣಿಗೆ ಬೀಳುತ್ತದೆ. ಸಾರಿಗೆ ಕಚೇರಿಯ ಒಬ್ಬ ತನಿಖಾಧಿಕಾರಿಯನ್ನು ಕರೆಸಿದರೆ ಸಂಶಯಗಳೆಲ್ಲ ಅಲ್ಲಿಯೇ ಬಗೆಹರಿಯುತ್ತವೆ. ಚಾಚಿದ ಹೊರೆಯನ್ನು ತೂಕದ ಸೇತುವೆಗೆ ಬಿಡುವುದಿಲ್ಲವೆಂದು ಕಾರ್ಖಾನೆಯವರೂ ಬೆಳೆಗಾರರ ಸಂಘದವರೂ ಸೇರಿ ಒಂದು ಮಾತಿಗೆ ಬಂದರೆ ಪೊಲೀಸರ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಒಬ್ಬರೇ ನಿಯಮ ಪಾಲಿಸಿದರೆ ಅವರಿಗೆ ನಷ್ಟವೆನಿಸಬಹುದು. ಎಲ್ಲರೂ ಪಾಲಿಸಿದರೆ ಯಾರಿಗೂ ನಷ್ಟವಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಸಾಲದ ವಿಷಯದಲ್ಲಿ ಹಿರಿಯರು ಹೇಳುತ್ತಿದ್ದರು. ಲಾರಿ ಟ್ರೈಲರುಗಳಿಗೂ ಅದು ಅಕ್ಷರಶಃ ಸಲ್ಲುತ್ತದೆ. ಈ ಹಂಗಾಮಿನಲ್ಲಿ ಮೊದಲನೆಯ ಹೊರೆ ಹೊರಡುವ ಮೊದಲು ಪ್ರತಿಯೊಬ್ಬ ರೈತನೂ ಒಮ್ಮೆ ಟೇಪು ಹಿಡಿದು ತನ್ನ ವಾಹನವನ್ನು ಅಳೆದರೆ, ಬಾಡಿಯಿಂದ ಹೊರಗುಳಿದ ತುದಿಗಳನ್ನು ಸವರಿದರೆ, ಹಿಂದಿನ ದೀಪವನ್ನು ಒರೆಸಿದರೆ, ಆ ರಾತ್ರಿ ಹಿಂದಿನಿಂದ ಮೋಟಾರ್ ಸೈಕಲಿನಲ್ಲಿ ಬರುವ ತರುಣನೂ ಮನೆ ಸೇರುತ್ತಾನೆ.